ಹದಿನಾಲ್ಕು ಕೌದಿ ಮತ್ತು ಏಳನೇ ಹಾಡು

ಗೋಡೆಗೆ ಹೊದಿಸಲು ಹದಿನಾಲ್ಕು ಕೌದಿ ಬೇಕು ಎಂದು ಭರಮಪ್ಪ ಬಂದು ಕೇಳಿದಾಗಲೇ ನನಗೆ ಅನುಮಾನ ಬಂದಿತ್ತು. ಮನುಷ್ಯರಿಗೆ ಚಳಿಯಾಗುತ್ತದೆ, ಎಳೆಗೂಸಿಗೆ ಚಳಿಯಾಗುತ್ತದೆ, ಈದ ಎಮ್ಮೆಗೂ ಚಳಿಯಾಗುತ್ತದೆ, ಒಪ್ಪೋಣ. ಗೋಡೆಗೆ ಚಳಿಯಾದದ್ದನ್ನು ನಮ್ಮ ಮನೆತನದಲ್ಲಿ ಯಾರೂ ಕಂಡವರಿಲ್ಲ. ನಮ್ಮದು ಹಳೆ ಸೀರೆ ಪದರ ಪದರವಾಗಿ ಸೇರಿಸಿ ಕೌದಿ ಹೊಲಿಯುವ ಮನೆತನ. ಅಜ್ಜಿ ಹೊಲಿದಳು, ಅವ್ವ ದುಂಡವ್ವ ಹೊಲಿದಳು, ಐವತ್ತೆರಡು ವರ್ಷದ ನಾನು, ರುಕ್ಕವ್ವ, ಇವತ್ತಿಗೂ ಹೊಲಿಯುತ್ತೇನೆ. ಊರಿನ ಅರ್ಧ ಜನ ನಮ್ಮ ಕೌದಿಯೊಳಗೇ ಹುಟ್ಟಿದವರು.

"ಗ್ವಾಡಿಗೆ ಯಾಕೋ ತಮ್ಮಾ ಕೌದಿ?" ಎಂದು ಕೇಳಿದೆ.

"ಸದ್ದು ಹೊರಗ ಹೋಗಬಾರದ್ರಿ ಯಕ್ಕಾ. ನಮ್ಮ ಬ್ಯಾಂಡಿನ ಆಲ್ಬಮ್ ಮಾಡಾವ್ರದೀವಿ. ಹತ್ತಿ ಗಿರಣಿ ಗೋದಾಮು ಹಿಡದೀವಿ, ಅದನ್ನ ಸ್ಟುಡಿಯೊ ಮಾಡ್ತೀವಿ. ಕೌದಿ ದಪ್ಪ ಇರಲ್ರಿ, ಎರಡು ಪದರ ಹೆಚ್ಚಿಗಿ ಹಾಕ್ರಿ."

ಸದ್ದು ಹೊರಗೆ ಹೋಗಬಾರದಂತೆ. ಬೇರೆ ಊರಿನಲ್ಲಾದರೆ ಈ ಮಾತಿಗೆ ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ. ನಮ್ಮೂರಿನಲ್ಲಿ ಬಯಲಲ್ಲಿ ಆಡಿದ ಮಾತು ವರ್ಷಕ್ಕೆ ಸರಿಯಾಗಿ ಮರಳಿ ಬರುತ್ತದೆ. ಅದೇ ತಾರೀಖು, ಅದೇ ಹೊತ್ತು, ಅದೇ ಜಾಗ. ಊರ ಹಿಂದಿನ ಗುಡ್ಡ ಕೊಡುತ್ತದೆ ಎನ್ನುತ್ತೇವೆ. ಗುಡ್ಡ ಕೊಡುವುದು ಮನುಷ್ಯನ ಗಂಟಲನ್ನು ಮಾತ್ರ. ಗಾಡಿಯ ಸದ್ದು, ನಾಯಿಯ ಬೊಗಳು, ರೇಡಿಯೊ, ಫೋನು, ಇವನ್ನು ಅದು ಮುಟ್ಟುವುದಿಲ್ಲ. ಒಮ್ಮೆ ಕೊಟ್ಟದ್ದನ್ನು ಇನ್ನೊಮ್ಮೆ ಕೊಡುವುದೂ ಇಲ್ಲ. ಹಾಗಾಗಿ ನಮ್ಮಲ್ಲಿ ಯಾರ ಮನೆಯಲ್ಲೂ ಹಳೆ ಕ್ಯಾಲೆಂಡರ್ ಎಸೆಯುವುದಿಲ್ಲ. ಹೋದ ವರ್ಷ ಬಾವಿಕಟ್ಟೆಯಲ್ಲಿ ನಿಂತು ಅತ್ತೆಯನ್ನು ಬೈದ ಸೊಸೆ, ಈ ವರ್ಷ ಅದೇ ದಿನ ಅತ್ತೆಯನ್ನು ಕಣ್ಣಿನ ದವಾಖಾನೆಗೆ ಕರೆದುಕೊಂಡು ಹೋಗಿರುತ್ತಾಳೆ. ಓಟು ಕೇಳಲು ಬರುವವರು ಎಂಥ ಸೆಕೆಯಲ್ಲೂ ಸಭೆಯನ್ನು ಸಭಾಭವನದ ಒಳಗೇ ಮಾಡುತ್ತಾರೆ. ಫೆಬ್ರುವರಿ ಇಪ್ಪತ್ತೊಂಬತ್ತು ಬಂತೆಂದರೆ ಮಾತ್ರ ಊರಿಗೆ ಊರೇ ಬೀದಿಗೆ ಬಂದು ಮನಸ್ಸು ಹಗುರ ಮಾಡಿಕೊಳ್ಳುತ್ತದೆ, ಅದು ಮರಳಲು ನಾಲ್ಕು ವರ್ಷ ಬೇಕಲ್ಲ.

ಏನನ್ನಾದರೂ ಕೊಡುವುದಿದ್ದರೆ ನಮ್ಮಲ್ಲಿ ಒಂದು ಪದ್ಧತಿ ಇದೆ. ಎಮ್ಮೆ ಇರಲಿ, ಹೊಲ ಇರಲಿ, ಹೆಣ್ಣಿರಲಿ, ಕೊಡುವವರು ಅಂಗಳಕ್ಕೆ ಬಂದು ಆಕಾಶದ ಕೆಳಗೆ ನಿಂತು "ಕೊಟ್ಟೆ" ಎನ್ನಬೇಕು. ವರ್ಷ ತುಂಬಿದ ದಿನ ಎರಡೂ ಕಡೆಯವರು ಅದೇ ಅಂಗಳದಲ್ಲಿ ಕೂತು ಆ ಮಾತನ್ನು ಇನ್ನೊಮ್ಮೆ ಕೇಳಿ, ಮಜ್ಜಿಗೆ ಕುಡಿದು ಏಳುತ್ತಾರೆ. ಅಲ್ಲಿಗೆ ಕೊಟ್ಟದ್ದು ಕೊಟ್ಟ ಹಾಗೆ. ಸೂರಿನ ಕೆಳಗೆ ಕೊಟ್ಟದ್ದಕ್ಕೆ ನಮ್ಮೂರಿನಲ್ಲಿ ಕಿಮ್ಮತ್ತಿಲ್ಲ. ಇಂಥ ಊರಿನಲ್ಲಿ ನಾಲ್ಕು ಜನ ಸೇರಿ, ನಮ್ಮ ಸದ್ದು ಹೊರಗೆ ಹೋಗಬಾರದು, ಗೋಡೆಗೆ ಕೌದಿ ಹೊಲಿದುಕೊಡಿ ಎಂದರೆ ಏನೆಂದುಕೊಳ್ಳಬೇಕು? ಮುಚ್ಚಿಡುವಂಥದ್ದು ಏನನ್ನು ಹಾಡುತ್ತಾರೆ ಇವರು?

ಬ್ಯಾಂಡಿನ ಹೆಸರು ತಗಡು. ಭರಮಪ್ಪ ಹಾಡುತ್ತಿದ್ದ, ಹಾಡು ಇಲ್ಲದಾಗ ಸರಕಿನ ಆಟೊ ಓಡಿಸುತ್ತಿದ್ದ. ಜೈಬುನ ಎನ್ನುವ ಹುಡುಗಿ ಕರೆಂಟಿನ ಗಿಟಾರು ಬಾರಿಸುತ್ತಿದ್ದಳು. ಇನ್ನಿಬ್ಬರು ಡೊಳ್ಳು, ಡ್ರಮ್ಮು ಅಂತ ಇದ್ದರು. ಸೋಬಾನೆ ಪದಕ್ಕೆ, ಬೀಸುವ ಪದಕ್ಕೆ ಗಿಟಾರು ಸೇರಿಸಿ ಗದ್ದಲ ಎಬ್ಬಿಸುವುದು ಇವರ ಕಸುಬು. ಮದುವೆಗಳಲ್ಲಿ ಹುಡುಗರು ಕುಣಿಯುತ್ತಿದ್ದರು. ಮುದುಕರು ಕಿವಿಗೆ ಹತ್ತಿ ಇಟ್ಟುಕೊಂಡರೂ ಎದ್ದು ಹೋಗುತ್ತಿರಲಿಲ್ಲ.

ನಾನು ಆಗುವುದಿಲ್ಲ ಎನ್ನಬೇಕೆಂದಿದ್ದೆ. ಒಳಗಿನಿಂದ ಅವ್ವ, "ಹೊಲದು ಕೊಡೂನು ಬಿಡು, ಗ್ವಾಡಿ ಆದ್ರೂ ಬೆಚ್ಚಗಿರಲಿ," ಎಂದಳು. ಅವ್ವನ ಮಾತಿಗೆ ಎದುರಿಲ್ಲ. ಎರಡು ತಿಂಗಳು ಇಬ್ಬರೂ ಕೂತು ಹೊಲಿದೆವು. ಹೊಲಿಯುವಾಗ ಅವ್ವ ಕೌದಿ ಹಾಡು ಹೇಳುತ್ತಿದ್ದಳು. ಅದು ಅವಳ ಅವ್ವನಿಂದ ಬಂದದ್ದು, ಬೇರೆ ಯಾರ ಮನೆಯಲ್ಲೂ ಇಲ್ಲ.

*ಸೂಜಿ ಹಿಂದ ದಾರ ನಡದಾವ*
*ಹರದ ಸೀರಿ ಹಾದಿ ಹಿಡದಾವ*
*ಅವ್ವನ ಸೆರಗು ಮಗಳಿಗಿ ಒಡಲಾತ*
*ಮಗಳ ಲಂಗ ಕೌದಿಗಿ ಅಂಚಾತ*

ಹೀಗೆ ಶುರುವಾಗಿ, ಕೌದಿಯ ಒಂದು ಅಂಚು ಹೊಲಿದು ಮುಗಿಯುವ ತನಕ ಸಾಗುತ್ತದೆ. ಅವ್ವ ಅದನ್ನು ಪಡಸಾಲೆಯಲ್ಲಿ, ಸೂರಿನ ಕೆಳಗೇ ಹೇಳುತ್ತಿದ್ದಳು. ನಾನು ಹೇಳುತ್ತಿರಲಿಲ್ಲ. ಒಂಬತ್ತು ವರ್ಷದವಳಿದ್ದಾಗ ಒಮ್ಮೆ ಅಂಗಳದಲ್ಲಿ ನಿಂತು ಜೋರಾಗಿ ಹಾಡಿದ್ದೆ. ವರ್ಷ ತುಂಬಿದ ದಿನ ಅದು ಮರಳಿ ಬಂದಾಗ ಅಕ್ಕಪಕ್ಕದ ಹೆಂಗಸರು ಬಾಗಿಲಿಗೆ ಬಂದು ಕೇಳಿ ನಕ್ಕರು. ಯಾಕೆ ನಕ್ಕರೋ, ನನಗೆ ಇವತ್ತಿಗೂ ಗೊತ್ತಿಲ್ಲ. ನನ್ನನ್ನೇ ನಕ್ಕರು ಎಂದುಕೊಂಡೆ. ಆಮೇಲೆ ಬಯಲಲ್ಲಿ ಬಾಯಿ ಬಿಡಲಿಲ್ಲ. ಅವ್ವನೂ "ಹಾಡು" ಎಂದು ಒಂದು ದಿನ ಹೇಳಲಿಲ್ಲ. ನಾಲ್ಕು ದಶಕ ಅವಳ ಪಕ್ಕ ಕೂತು ಹೊಲಿದವಳಿಗೆ ಸೂಜಿ ಕೊಟ್ಟಳು, ದಾರ ಕೊಟ್ಟಳು, ಹಾಡು ಮಾತ್ರ ಕೊಡಲಿಲ್ಲ. ಆ ನೋವನ್ನು ನಾನು ಯಾರ ಮುಂದೆಯೂ ಹೇಳಿರಲಿಲ್ಲ, ಇಲ್ಲಿ ಹೇಳುತ್ತಿದ್ದೇನೆ.

ಫೆಬ್ರುವರಿ ಹನ್ನೊಂದಕ್ಕೆ ಹದಿನಾಲ್ಕನೇ ಕೌದಿ ಮುಗಿಯಿತು. ಕೊಟ್ಟು ಬರುತ್ತೇನೆ ಎಂದು ನಾನು ಸೆರಗು ಸಿಕ್ಕಿಸಿದರೆ ಅವ್ವ, "ನೀ ಕುಂದರು, ನಾ ಹೊಕ್ಕೀನಿ," ಎಂದಳು. ಎಪ್ಪತ್ತೆಂಟು ವರ್ಷದ ಮುದುಕಿ, ತಲೆಯ ಮೇಲೆ ಆ ಕೊನೆಯ ಕೌದಿ ಹೊತ್ತು ಊರಾಚೆಯ ಗಿರಣಿಗೆ ಹೊರಟಳು. ಮಧ್ಯಾಹ್ನ ಎರಡೂವರೆಗೆ ಹೋದವಳು ದೀಪ ಹಚ್ಚುವ ಹೊತ್ತಿಗೆ ಭರಮಪ್ಪನ ಆಟೊದಲ್ಲಿ ಬಂದು ಇಳಿದಳು. ಇಷ್ಟು ಹೊತ್ತು ಏನು ಮಾಡಿದೆ ಎಂದರೆ, "ಅಳತಿ ಸರಿ ಇರಲಿಲ್ಲ, ಅಲ್ಲೇ ಕುಂತು ಅಂಚು ಬಿಚ್ಚಿ ಹೊಲದೆ," ಎಂದಳು. ಅಳತೆ ನಾನೇ ಹಿಡಿದದ್ದು, ಗೇಣು ತಪ್ಪಿರಲಿಲ್ಲ. ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಒಂದು ಸುತ್ತು ಹಾಕಿ ಇಟ್ಟೆ. ಯಾಕೆ ಹಾಕಿದೆ ಎಂದು ಕೇಳಬೇಡಿ. ನನ್ನ ಕೈಗೆ ಅದು ರೂಢಿ.

ಏಪ್ರಿಲ್ ಹತ್ತೊಂಬತ್ತಕ್ಕೆ ಅವ್ವ ತೀರಿಕೊಂಡಳು. ಬೆಳಿಗ್ಗೆ ಚಹಾ ಕುಡಿದು ಗೋಡೆಗೆ ಒರಗಿದವಳು ಹಾಗೆಯೇ ಇದ್ದಳು. ನಮ್ಮೂರಿನಲ್ಲಿ ಸತ್ತವರ ಮಾತು ಒಂದು ವರ್ಷ ಅಂಗಳದಲ್ಲಿ ಇರುತ್ತದೆ. ಕೋಳಿ ಅಟ್ಟಿದ್ದು, ಹಾಲಿನವನನ್ನು ಕರೆದದ್ದು, "ರುಕ್ಕವ್ವಾ, ಮಡಿಚಿ ಇಟ್ಟಿ ಇಲ್ಲ?" ಎಂದು ನನ್ನನ್ನು ಗದರಿದ್ದು, ದಿನಕ್ಕೆ ಎರಡೋ ಮೂರೋ. ನಾನು ಕೆಲಸ ಬಿಟ್ಟು ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದೆ. ಅಷ್ಟೇ ನನ್ನ ಪಾಲಿಗೆ ಉಳಿದಿದ್ದ ಅವ್ವ.

ಜುಲೈಯಲ್ಲಿ ಆಲ್ಬಮ್ ಬಂತು. "ಏಳು ಹೊಲಿಗೆ" ಅಂತ ಹೆಸರು. ಸಿಡಿಯ ರಟ್ಟಿನ ಮೇಲೆ ನಮ್ಮ ಕೌದಿಯದೇ ಫೋಟೊ. ಚಹಾದಂಗಡಿಯವನು ಹಾಡಿನ ಪೆಟ್ಟಿಗೆ ಹಚ್ಚಿದ್ದ, ನಾನು ಹಾಲು ತರಲು ಹೋದವಳು ಅಲ್ಲೇ ನಿಂತೆ. ಆರು ಹಾಡು ಗದ್ದಲವೇ ಗದ್ದಲ, ಆದರೆ ಸುಳ್ಳು ಯಾಕೆ ಹೇಳಲಿ, ಕಾಲು ತಾಳ ಹಾಕುತ್ತಿತ್ತು. ಏಳನೆಯದು ಶುರುವಾಯಿತು. ಗಿಟಾರು ಇಲ್ಲ, ಡೊಳ್ಳು ಇಲ್ಲ, ಒಂದು ಕೆಮ್ಮು. ಆಮೇಲೆ ನನ್ನ ಅವ್ವ, "ಸೂಜಿ ಹಿಂದ ದಾರ ನಡದಾವ" ಎಂದಳು. ಎರಡು ಸಾಲಾದ ಮೇಲೆ ಭರಮಪ್ಪ ಸೇರಿಕೊಂಡ, ಜೈಬುನಳ ಗಿಟಾರು ಸೂಜಿ ಚುಚ್ಚಿ ಎಳೆದ ಹಾಗೆ ಮೆಲ್ಲಗೆ ಹಿಂದೆಯೇ ಬಂತು. ಕೈಯಲ್ಲಿನ ಹಾಲಿನ ಚೆಂಬು ಬಿತ್ತು. ಹಾಡು ಮುಗಿದ ಕೂಡಲೇ ಯಾರೋ ಒಬ್ಬ, "ಇನ್ನೊಮ್ಮಿ ಹಚ್ಚೋ," ಎಂದ. ಅಂಗಡಿಯವನು ಇನ್ನೊಮ್ಮೆ ಹಚ್ಚಿದ. ಸತ್ತವಳ ದನಿಯನ್ನು ಬೇಕೆಂದಾಗ ಬೇಕಾದಷ್ಟು ಸಲ! ಗುಡ್ಡ ಕೂಡ ಅಷ್ಟು ನಾಚಿಕೆ ಬಿಟ್ಟಿಲ್ಲ.

ರಟ್ಟನ್ನು ಕಿತ್ತುಕೊಂಡು ಹಿಂದೆ ತಿರುಗಿಸಿ ಓದಿದೆ. "ಏಳನೇ ಹಾಡು: ದುಂಡವ್ವ ಕೊಟ್ಟದ್ದು." ಕಲಿಸಿದ್ದು ಎಂದು ಬರೆದಿದ್ದರೆ ಸುಮ್ಮನಿರುತ್ತಿದ್ದೆನೋ ಏನೋ. ಹಾಡಿದ್ದು ಎಂದಿದ್ದರೂ ನುಂಗಿಕೊಳ್ಳುತ್ತಿದ್ದೆ. ಕೊಟ್ಟದ್ದಂತೆ! ಯಾವ ಅಂಗಳದಲ್ಲಿ ಕೊಟ್ಟಳು? ಯಾರು ಕೇಳಿದರು? ಹದಿನಾಲ್ಕು ಕೌದಿ ಹೊದಿಸಿದ ಕೋಣೆಯಲ್ಲಿ ಮುದುಕಿಯನ್ನು ಕೂರಿಸಿ, ಗುಡ್ಡಕ್ಕೂ ಕೇಳಿಸದ ಹಾಗೆ ಹಾಡನ್ನು ಬಿಚ್ಚಿಕೊಂಡಿದ್ದಾರೆ. ಆ ಕೌದಿಗಳನ್ನು ಹೊಲಿದವಳು ನಾನೇ.

ಅಲ್ಲೇ, ಚಹಾದಂಗಡಿಯ ಮುಂದೆ, ಬಯಲಲ್ಲಿ ನಿಂತು ಕೂಗಿದೆ. "ಕಳ್ಳರು! ಮುದುಕಿ ಬಾಯಾಗಿಂದು ಕದ್ದೊಯ್ದಾರ! ಸತ್ತವಳನ್ನ ಡಬ್ಬಿಯೊಳಗ ತುಂಬಿ ಮಾರಾಕ ಹತ್ಯಾರ!" ಬಯಲಲ್ಲಿ ಮಾತಾಡುವಾಗ ನಾಲಿಗೆ ಬಿಗಿಹಿಡಿಯುವುದು ನಮ್ಮೂರಿನ ಮಕ್ಕಳಿಗೂ ಗೊತ್ತು. ಅವತ್ತು ನನಗೆ ಅದರ ಪರಿವೆ ಇರಲಿಲ್ಲ. ಬಂದರೆ ಬರಲಿ, ವರ್ಷ ಬಿಟ್ಟು ಇನ್ನೊಮ್ಮೆ ಕೇಳಲಿ ಊರು ಎಂದುಕೊಂಡೆ.

ಭರಮಪ್ಪ ಆಟೊ ನಿಲ್ಲಿಸಿ ಬಂದ. ಅವನ ಮುಖದಲ್ಲಿ ಹೆದರಿಕೆ ಇರಲಿಲ್ಲ, ಅದೇ ನನಗೆ ಇನ್ನಷ್ಟು ಅನುಮಾನ ತಂದಿತು.

"ಯಕ್ಕಾ, ನಾವು ಕದ್ದಿಲ್ರಿ. ಅವ್ವ ಕೊಟ್ಟಾರ."

"ಎಲ್ಲಿ ಕೊಟ್ಟಾಳ? ಯಾವತ್ತು? ಯಾರ ಮುಂದ?"

"ಅದನ್ನ ಹೇಳಬ್ಯಾಡ ಅಂದಾರ್ರಿ."

"ಯಾರು ಅಂದಾರ?"

"ಅವ್ವನಽ ಅಂದಾರ."

ಎಂಥ ಅನುಕೂಲದ ಉತ್ತರ ನೋಡಿ! ಸತ್ತವಳು ಕೊಟ್ಟಳಂತೆ, ಕೊಟ್ಟದ್ದನ್ನು ಹೇಳಬೇಡ ಎಂದೂ ಸತ್ತವಳೇ ಹೇಳಿದಳಂತೆ. ಊರಿನ ಕೊಟ್ಟ ಮಾತಿಗೆಲ್ಲ ಸಾಕ್ಷಿ ಕೂರುವ ಹಿರಿಯರು ಪೋಸ್ಟ್ ಈರಬಸಪ್ಪನವರು. ಮೂವತ್ತು ವರ್ಷ ಟಪಾಲು ಹಂಚಿದವರು, ಯಾರ ಮಾತು ಯಾವ ದಿನ ಎಲ್ಲಿ ಬರುತ್ತದೆ ಎನ್ನುವುದು ಅವರ ಬಾಯಲ್ಲೇ ಇರುತ್ತದೆ. ಅವರ ಕಟ್ಟೆಗೆ ಹೋಗಿ ದೂರು ಹೇಳಿದೆ. ಅವರು ಭರಮಪ್ಪನನ್ನು ಕರೆಸಿ ಕೇಳಿದರು. ಅವನು ಅದೇ ಮಾತು ಹೇಳಿದ. ಜೈಬುನ ಏನೋ ಹೇಳಲು ಬಾಯಿ ತೆರೆದಳು, ಭರಮಪ್ಪ ಅವಳ ಕಡೆ ನೋಡಿದ, ಅವಳು ಬಾಯಿ ಮುಚ್ಚಿದಳು. ನಾನು ಅದನ್ನು ನೋಡಿದೆ, ಎಲ್ಲರಿಗೂ ತೋರಿಸಿದೆ.

"ವರ್ಷ ತುಂಬೂತನಕಾ ನಾವು ಹೌದೂ ಅನ್ನಾಂಗಿಲ್ಲ, ಅಲ್ಲಾನೂ ಅನ್ನಾಂಗಿಲ್ಲ," ಎಂದರು ಈರಬಸಪ್ಪನವರು. "ಅಲ್ಲೀತನಕಾ ಇವರಿಗೆ ಯಾರೂ ಅಂಗಳ ಕೊಡಬ್ಯಾಡ್ರಿ."

ಹಾಡಲು ಅಂಗಳ ಕೊಡದಿದ್ದರೆ ಬ್ಯಾಂಡಿಗೆ ಮದುವೆಯಿಲ್ಲ, ಉರುಸು ಇಲ್ಲ. ಶಹರದಲ್ಲಿ ಮಾತ್ರ ಇವರನ್ನು ಹೊತ್ತು ಮೆರೆಸುತ್ತಿದ್ದರು. ಪೇಪರಿನಲ್ಲಿ ಅರ್ಧ ಪುಟ ಬಂತು, ಏಳನೇ ಹಾಡಿನಲ್ಲಿ ಮಣ್ಣಿನ ವಾಸನೆ ಇದೆ ಎಂದು ಬರೆದಿದ್ದರು. ಕೌದಿಯಲ್ಲಿ ಮಣ್ಣಿನ ವಾಸನೆ ಬಂದರೆ ನಾವು ಅದನ್ನು ಇನ್ನೊಮ್ಮೆ ಒಗೆಯುತ್ತೇವೆ. ಕನ್ನಡಕದವನೊಬ್ಬ ಊರಿಗೇ ಬಂದು, ಈ ಆಲ್ಬಮ್ ನಿಮಗೆ ಹೇಗನ್ನಿಸಿತು ಎಂದು ಮನೆಮನೆಗೆ ಕೇಳಿದ. ಎಲ್ಲರೂ "ಇನ್ನೂ ವರ್ಷ ಆಗಿಲ್ರಿ" ಎಂದರು. ಅವನು ಅದನ್ನೇ ಬರೆದುಕೊಂಡು ಹೋದ, ಅವನಿಗೆ ಏನು ತಿಳಿಯಿತೋ. ನಾನು ಅವನನ್ನು ಅಂಗಳಕ್ಕೆ ಕರೆದು ಎಲ್ಲ ಹೇಳಿದೆ. ಬಾವಿಕಟ್ಟೆಯಲ್ಲಿ ಹೇಳಿದೆ, ಹಿಟ್ಟಿನ ಗಿರಣಿಯ ಸಾಲಿನಲ್ಲಿ ಹೇಳಿದೆ, ಬಸ್ಸಿಗೆ ಕಾಯುವವರಿಗೆ ಹೇಳಿದೆ. ಬರಬರುತ್ತಾ ನನ್ನ ಮಾತಿಗೆ ರೆಕ್ಕೆಪುಕ್ಕ ಬಂದವು. ಅವ್ವನಿಗೆ ಏನೋ ಕುಡಿಸಿ ಹಾಡಿಸಿದರು ಎಂದು ಯಾರೋ ನನಗೇ ಬಂದು ಹೇಳಿದರು, ನಾನು ಅಲ್ಲ ಎನ್ನಲಿಲ್ಲ. ಜನ ಏಳನೇ ಹಾಡು ಬರುವ ಮೊದಲೇ ಪೆಟ್ಟಿಗೆ ಬಂದ್ ಮಾಡುತ್ತಿದ್ದರು. ಡೊಳ್ಳಿನವನು ಹೊಲಕ್ಕೆ ಹೋದ. ಜೈಬುನ ದೀಪಾವಳಿ ಕಳೆದ ಮೇಲೆ ದೂರದ ಊರಿನ ಶಾಲೆಯಲ್ಲಿ ಸಂಗೀತ ಕಲಿಸುವ ಕೆಲಸ ಹಿಡಿದು ಹೋದಳು. ಹೋಗುವ ಮುನ್ನ ನನ್ನ ಬಾಗಿಲಿಗೆ ಬಂದು ನಿಂತಿದ್ದಳು. ನಾನು ಸೂಜಿಯಿಂದ ಕಣ್ಣು ತೆಗೆಯಲಿಲ್ಲ.

ಭರಮಪ್ಪ ಮಾತ್ರ ಆಟೊ ಓಡಿಸಿಕೊಂಡು ಇದ್ದ. ಎದುರಿಗೆ ಸಿಕ್ಕರೆ, "ಆರಾಮದೀರೇನ್ರಿ ಯಕ್ಕಾ?" ಎಂದು ಕೇಳುತ್ತಿದ್ದ. ಕಳ್ಳನಿಗೆ ಇಷ್ಟು ಸಮಾಧಾನ ಎಲ್ಲಿಂದ ಬಂತು ಎಂದು ನಾನು ತಲೆ ಕೆಡಿಸಿಕೊಳ್ಳುತ್ತಿದ್ದೆ.

ಫೆಬ್ರುವರಿ ಹತ್ತಿರ ಬಂತು. ಕ್ಯಾಲೆಂಡರಿನ ಸುತ್ತು ನನ್ನನ್ನೇ ನೋಡುತ್ತಿತ್ತು. ಅವ್ವ ಕೊಟ್ಟಿದ್ದರೆ ಅವತ್ತೇ ಕೊಟ್ಟಿರಬೇಕು, ಕೊಟ್ಟಿದ್ದರೆ ಗಿರಣಿಯ ಅಂಗಳದಲ್ಲೇ ಕೊಟ್ಟಿರಬೇಕು. ಬೇರೆ ಯಾವ ದಿನವೂ ಅವಳು ನನ್ನ ಕಣ್ಣು ತಪ್ಪಿಸಿರಲಿಲ್ಲ. ಅಲ್ಲಿ ಏನೂ ಬರುವುದಿಲ್ಲ ಎಂದು ನನಗೆ ಖಾತ್ರಿಯಿತ್ತು. ಊರಿಗೆಲ್ಲ ಹೇಳಿ ಬಂದೆ, ಹನ್ನೊಂದರ ಮಧ್ಯಾಹ್ನ ಗಿರಣಿಯ ಅಂಗಳಕ್ಕೆ ಬನ್ನಿ, ಕಳ್ಳರ ಬಾಯಿ ಹೇಗಿರುತ್ತದೆ ನೋಡಿ ಅಂತ. ಹೇಳಿ ಬಂದು ಮನೆಯಲ್ಲಿ ಕೂತು ಲೆಕ್ಕ ಹಾಕಿದೆ. ಏನೂ ಬರದಿದ್ದರೆ ನನ್ನ ಅವ್ವನನ್ನು ದೋಚಿದ್ದು ನಿಜವಾಗುತ್ತದೆ. ಬಂದರೆ, ನನಗೆ ಕೊಡದ ಹಾಡನ್ನು ಅವಳು ಬೇರೆಯವರಿಗೆ ಕೊಟ್ಟದ್ದು ನಿಜವಾಗುತ್ತದೆ. ಎರಡರಲ್ಲಿ ಯಾವುದನ್ನು ತಡೆದುಕೊಳ್ಳಬಲ್ಲೆ ಎಂದು ನನ್ನನ್ನು ನಾನು ಕೇಳಿಕೊಂಡೆ. ಎರಡನೆಯದು ನನ್ನಿಂದ ಆಗುವುದಿಲ್ಲ ಎಂದು ಗೊತ್ತಾಯಿತು. ಅದಕ್ಕೇ ಅಷ್ಟು ತಿಂಗಳು ಮೊದಲನೆಯದನ್ನೇ ಕೂಗಿಕೊಂಡು ತಿರುಗಿದ್ದೆ.

ಅವತ್ತು ಗಿರಣಿಯ ಅಂಗಳದಲ್ಲಿ ಅರವತ್ತು ಎಪ್ಪತ್ತು ಜನ ಸೇರಿದರು. ಬೇವಿನ ಮರದ ಕೆಳಗೆ ಈರಬಸಪ್ಪನವರು ಕೊಡೆಯೂರಿ ಕುರ್ಚಿಯಲ್ಲಿ ಕೂತರು. ಭರಮಪ್ಪ ಗೋದಾಮಿನ ಬಾಗಿಲಿಗೆ ಒರಗಿ ಕೈಕಟ್ಟಿ ನಿಂತಿದ್ದ. ಬಾಗಿಲ ಸಂದಿಯಿಂದ ನನ್ನ ಕೌದಿಗಳು ಕಾಣುತ್ತಿದ್ದವು. ನಾನು ನಡು ಅಂಗಳದಲ್ಲಿ ನಿಂತೆ. ಮೂರು ಗಂಟೆ ದಾಟಿತು. ಮೂರೂ ಐದು, ಮೂರೂ ಹತ್ತು. ಯಾರೋ ಆಕಳಿಸಿದರು. ನಾನು ಭರಮಪ್ಪನ ಕಡೆ ತಿರುಗಿ, "ಏನು ಈಗ?" ಎನ್ನುವಷ್ಟರಲ್ಲಿ ಬೇವಿನ ಮರದ ಬುಡದಲ್ಲಿ ಯಾರೋ ಕೆಮ್ಮಿದರು.

ಆ ಕೆಮ್ಮು ನನಗೆ ಗೊತ್ತು.

"ಒಳಗ ಆಮ್ಯಾಲೆ ಬರ್ತೀನಿ," ಎಂದಳು ಅವ್ವ. "ಹೇಳೂದನ್ನ ಮೊದಲ ಇಲ್ಲಿ ಹೇಳತೀನಿ. ಕೌದಿ ಹಾಡು ಈ ಹುಡುಗ್ರಿಗೆ ಕೊಟ್ಟೆ. ಇವರು ಕೇಳಿಲ್ಲ. ನಾನಽ ಬಂದು ಕೊಟ್ಟೆ. ಆತಲ್ಲ ಈರಬಸಪ್ಪ, ಕೇಳಿಸ್ತಲ್ಲ?"

ಈರಬಸಪ್ಪನವರು ಕುರ್ಚಿಯಿಂದ ಅರ್ಧ ಎದ್ದು, "ಕೇಳಿಸ್ತಬೇ," ಎಂದರು. ಅವರು ಅಲ್ಲಿ ಕೂತಿರುತ್ತಾರೆ ಎಂದು ಅವಳಿಗೆ ವರ್ಷದ ಹಿಂದೆಯೇ ಗೊತ್ತಿತ್ತು. ಹಿಂದಿದ್ದ ಜನ ಮುಂದಕ್ಕೆ ಒತ್ತಿ ಬಂದರು. ನನ್ನ ಮುಖ ಎಲ್ಲಿ ಇಡಲಿ ಎಂದು ನನಗೆ ತಿಳಿಯಲಿಲ್ಲ. ಹೊರಟುಹೋಗಬೇಕೆಂದು ಒಂದು ಹೆಜ್ಜೆ ಇಟ್ಟೆ.

"ರುಕ್ಕವ್ವಾ," ಎಂದಳು ಅವ್ವ.

ಕಾಲು ಅಲ್ಲೇ ನಿಂತಿತು.

"ಬಂದೀ ಅಲ್ಲ? ಬಂದಽ ಬರ್ತಿ. ಬ್ಯಾರೆಯವರ ಮಕ್ಕಳು ಪ್ರೀತಿಗೆ ಬರ್ತಾರ, ನೀ ಸಂಶಯಕ್ಕಾದ್ರೂ ಬರ್ತಿ. ನಿಂತಿದ್ರ ಕುಂದರು, ಮಣಕಾಲು ನೋಯ್ತಾವ ನಿನಗ."

ನಾನು ಮಣ್ಣಿನಲ್ಲೇ ಕೂತೆ.

"ಇವರಿಗೆ ನಾನಽ ಹೇಳೀನಿ, ಮಗಳ ಮುಂದ ಬಾಯಿ ಬಿಡಬ್ಯಾಡ್ರಿ, ವರ್ಷಕ್ಕ ನಾನಽ ಹೇಳ್ತೀನಿ ಅಂತ. ಮೊದಲಽ ಹೇಳಿದ್ರ ನೀ ಬ್ಯಾಡ ಅಂತಿದ್ದಿ. ಹಾಡು ಕೊಟ್ರ ಅವ್ವ ಹೋಗಾಕ ತಯಾರಾದ್ಲು ಅಂತ ಅಂಜತಿದ್ದಿ. ಆತು, ತಯಾರಾಗೀನಿ, ಏನೀಗ? ನಿನಗ್ಯಾಕ ಕೊಡಲಿಲ್ಲ ಅಂತ ಹೊಟ್ಯಾಗ ಇಟಗೊಂಡಿರ್ತಿ, ಗೊತ್ತೈತಿ ನನಗ. ಕೊಡೂದೇನೈತಿ? ನಿನ್ನ ಹತ್ರಽ ಐತಿ. ಹೊಲಿಯೂವಾಗ ಬಾಯಿ ಮುಚಗೊಂಡು ಗುನಗತಿ. ನಲವತ್ತು ವರ್ಷದಿಂದ ಕೇಳೀನಿ. ನಾ ತಪ್ಪಿದಲ್ಲಿ ನೀ ತಪ್ಪಂಗಿಲ್ಲ. ನಿನಗಽ ಖಬರಿಲ್ಲ."

ನನಗೆ ಖಬರಿರಲಿಲ್ಲ. ನಿಜವಾಗಿಯೂ ಇರಲಿಲ್ಲ. ನೆರೆಮನೆಯ ಸಿದ್ಲಿಂಗಿ ಹಿಂದಿನಿಂದ, "ಹೌದು ಯಕ್ಕಾ, ಗುನಗತಿ ನೀ, ನಮ್ಮ ಗ್ವಾಡಿಗೆ ಕೇಳತೈತಿ," ಎಂದಳು.

"ಸಣ್ಣಾಕಿದ್ದಾಗ ಅಂಗಳದಾಗ ಹಾಡಿದ್ದಿ," ಎಂದಳು ಅವ್ವ. "ಅವತ್ತ ಹೆಂಗಸರು ನಕ್ಕರಲ್ಲ, ಹಲ್ಲು ಬಿದ್ದ ಬಾಯಾಗ ಎಷ್ಟು ಛಂದ ಹಾಡ್ಯಾಳ ಅಂತ ನಕ್ಕರು. ನಾ ಹೇಳಿದ್ರ ನಂಬತಿದ್ದೇನು? ಇರಲಿ. ಈಗ ಹಾಡು. ಎಲ್ಲಾರೂ ಅದಾರ, ಇರಲಿ. ನಾ ಸುಮ್ಮ ಕುಂದರ್ತೀನಿ, ಕೇಳ್ತೀನಿ. ಅವಸರ ಇಲ್ಲ. ಶುರು ಮಾಡಾಕ ನಿನಗ ಹೊತ್ತು ಹಿಡೀತೈತಿ."

ಆಮೇಲೆ ಸದ್ದಿಲ್ಲ.

ಬೇವಿನ ಬುಡದ ಕಡೆ ನೋಡಿದೆ. ಅಲ್ಲಿ ಏನೂ ಇರಲಿಲ್ಲ, ನೆಲ, ಎಲೆ, ಇರುವೆ. ಅಷ್ಟರಲ್ಲಿ ಜೈಬುನಳ ದನಿ, ಈಗ ಊರಿನಲ್ಲಿಲ್ಲದ ಹುಡುಗಿಯ ಹೋದ ವರ್ಷದ ದನಿ, ಮೆಲ್ಲಗೆ ಕೇಳಿಸಿತು. "ಅವ್ವಾ, ಯಾಕ ಸುಮ್ಮಾದ್ರಿ? ಮೈಯಾಗ ಆರಾಮ ಐತಿಲ್ಲ?"

"ಶ್!" ಎಂದಳು ಅವ್ವ. "ನನ್ನ ಮಗಳು ಹಾಡಾಕ ಹತ್ಯಾಳ."

ಅದನ್ನು ಕೇಳಿದ ಮೇಲೆ ನಾನು ಹಾಡದೆ ಹೇಗಿರಲಿ? ಬಾಯಿ ತೆರೆದೆ. ಮೊದಲ ಸಾಲು ಒಡೆದು ಹೋಯಿತು, ಬಾಗಿಲ ಕೀಲು ಕಿರುಗುಟ್ಟಿದ ಹಾಗೆ. ಎರಡನೆಯದು ಸ್ವಲ್ಪ ನೆಟ್ಟಗಾಯಿತು. ಅವ್ವನ ಸೆರಗು ಮಗಳಿಗಿ ಒಡಲಾತ ಎನ್ನುವಲ್ಲಿ ಅಳು ಬಂದು ನಿಲ್ಲಿಸಿದೆ. ಮೂಗು ಒರೆಸಿಕೊಂಡು ಮುಂದುವರಿಸಿದೆ. ಯಾವ ಸಾಲಿಗೂ ತಡಕಾಡಬೇಕಾಗಲಿಲ್ಲ, ಎಲ್ಲವೂ ಇದ್ದ ಜಾಗದಲ್ಲೇ ಇದ್ದವು. ಕೈಗಳು ತೊಡೆಯ ಮೇಲೆ ತಾವೇ ಹೊಲಿಯುತ್ತಿದ್ದವು. ಅಂಚು ಮುಗಿಯುವ ತನಕ ಹಾಡಿದೆ. ಮುಗಿದ ಮೇಲೂ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ನಾನು ಅಳುವ ಹೊತ್ತನ್ನೂ ಅವ್ವ ಲೆಕ್ಕ ಹಿಡಿದು ಬಿಟ್ಟಿದ್ದಳು.

"ಹ್ಞಾಂ," ಎಂದಳು ಅವ್ವ. "ಛಂದ ಆತು."

ಅವಳಿಗೆ ಏನೂ ಕೇಳಿಸಿರಲಿಲ್ಲ. ಖಾಲಿ ಅಂಗಳದಲ್ಲಿ, ಬ್ಯಾಂಡಿನ ನಾಲ್ಕು ಮಕ್ಕಳ ಎದುರು ಸುಮ್ಮನೆ ಕೂತು, ನಾನು ಬರುತ್ತೇನೆ, ಹಾಡುತ್ತೇನೆ, ಚೆನ್ನಾಗಿಯೇ ಹಾಡುತ್ತೇನೆ ಎಂದು ನಂಬಿ ಹಾಗೆ ಅಂದಿದ್ದಳು. ಐವತ್ತೆರಡು ವರ್ಷದಲ್ಲಿ ನಾನು ಯಾರನ್ನೂ ಅಷ್ಟು ನಂಬಿಲ್ಲ.

"ನಡೀರಿ, ಈಗ ಒಳಗ ಹೋಗೂನು," ಎಂದು ಅವಳು ಭರಮಪ್ಪನಿಗೆ ಹೇಳಿದ್ದು ಕೇಳಿಸಿತು. ಒಳಗೆ ಹೋದ ಮೇಲೆ ಹದಿನಾಲ್ಕು ಕೌದಿಯ ಆಚೆಯಿಂದ ಏನೂ ಬರಲಿಲ್ಲ.

ಭರಮಪ್ಪ ಬಂದು ಎಬ್ಬಿಸಿದ. "ಇಷ್ಟು ತಿಂಗಳು ನಾ 'ಕಳ್ಳ' ಅಂದೆ, ನೀ ಯಾಕ ಸುಮ್ಮಿದ್ಯೋ?" ಎಂದು ಕೇಳಿದೆ. "ಅವ್ವಗ ಮಾತು ಕೊಟ್ಟಿದ್ವಿ," ಎಂದ, ಅಷ್ಟೇ. ಅವತ್ತಿನಿಂದ ಊರು ಅವರಿಗೆ ಅಂಗಳ ಕೊಟ್ಟಿತು. ಚಹಾದಂಗಡಿಯಲ್ಲಿ ಏಳನೇ ಹಾಡನ್ನು ಯಾರೂ ನಿಲ್ಲಿಸುವುದಿಲ್ಲ. ಜೈಬುನಳಿಗೆ ಮೂರು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಅವಳ ಜಾಗದಲ್ಲಿ ಬೇರೆ ಯಾರನ್ನೂ ತೆಗೆದುಕೊಂಡಿಲ್ಲ, ಬ್ಯಾಂಡು ಈಗ ಗಿಟಾರಿಲ್ಲದೆ ಹಾಡುತ್ತದೆ. ಅದು ನಾನು ಮಾಡಿದ ತೂತು, ಅದಕ್ಕೆ ತೇಪೆ ಹಾಕುವುದು ನನಗೆ ಇನ್ನೂ ತಿಳಿದಿಲ್ಲ.

ಜುಲೈಯಿಂದ ನನ್ನ ಮಾತುಗಳು ಮರಳಿ ಬರಲು ಶುರುವಾಗಿವೆ. ಮೊದಲು ಚಹಾದಂಗಡಿಯ ಮುಂದೆ, ಆಮೇಲೆ ಬಾವಿಕಟ್ಟೆ, ಬಸ್ ನಿಲ್ದಾಣ. ಆ ಹೊತ್ತಿಗೆ ಅಲ್ಲಿ ಡೊಳ್ಳು ಬಾರಿಸುತ್ತೇವೆ, ಯಾರಿಗೂ ಕೇಳಿಸುವುದಿಲ್ಲ ಎಂದು ಭರಮಪ್ಪ ಹೇಳಿದ. ಬೇಡ ಎಂದೆ. ಕ್ಯಾಲೆಂಡರ್ ನೋಡಿಕೊಂಡು, ಪ್ಲಾಸ್ಟಿಕ್ ಕುರ್ಚಿ ಹಿಡಿದು ನಾನೇ ಹೋಗಿ ಅಲ್ಲಿ ಕೂರುತ್ತೇನೆ. ನನ್ನ ದನಿ ಕಳ್ಳರು ಎಂದು ಕೂಗುತ್ತದೆ, ದಾರಿಹೋಕರು ನಿಂತು ಕೇಳುತ್ತಾರೆ. ಮುಗಿದ ಮೇಲೆ ಎದ್ದು ನಿಂತು, ಇದು ನಾನು ಹೇಳಿದ ಸುಳ್ಳು ಎಂದು ಬಯಲಲ್ಲೇ ಹೇಳಿ ಬರುತ್ತೇನೆ. ಅದೂ ವರ್ಷ ಬಿಟ್ಟು ಬರಲಿ.

ಮುಂದಿನ ಫೆಬ್ರುವರಿ ಹನ್ನೊಂದಕ್ಕೆ ಗಿರಣಿಯ ಅಂಗಳದಲ್ಲಿ ನಾನು ಹಾಡಿದ್ದು ಮರಳಿ ಬರುತ್ತದೆ. ಒಡೆದ ಮೊದಲ ಸಾಲು, ನಡುವಿನ ಅಳು, ಎಲ್ಲವೂ. ಅವ್ವನ ಮಾತು ಬರುವುದಿಲ್ಲ, ಅದನ್ನು ಗುಡ್ಡ ಒಮ್ಮೆ ಕೊಟ್ಟಾಗಿದೆ. ಹಾಡು ಮುಗಿದ ಮೇಲೆ "ಛಂದ ಆತು" ಎನ್ನಲು ಅಲ್ಲಿ ಯಾರಾದರೂ ಇರಬೇಕಲ್ಲ. ನೀನೇ ಬಂದು ಕೂತು ಹೇಳು ಎಂದು ಭರಮಪ್ಪನಿಗೆ ಹೇಳಿದ್ದೇನೆ. ಬರುತ್ತಾನೋ ಇಲ್ಲವೋ ಎಂದು ಅವನನ್ನು ಇನ್ನೊಮ್ಮೆ ಕೇಳಿಲ್ಲ.